ಹೋರಿ ಮಾರಾಟದ ಕಾಲನಿರ್ಣಯ

ಉಳುಮೆಗೆ, ಬಂಡಿಗೆ ಅಥವಾ ಓಟದ ಸ್ಪರ್ಧೆಗೆ ಬರಬಹುದೆಂಬ ನಿರೀಕ್ಷೆಯಿಂದ ಸಾಕಿದ ಗಂಡುಕರುವನ್ನು ಯಾವ ವಯಸ್ಸಿನಲ್ಲಿ, ಯಾವ ಋತುವಿನಲ್ಲಿ, ಯಾವ ಸ್ಥಿತಿಯಲ್ಲಿ ಮಾರಬೇಕೆಂದು ರೈತರು ತೀರ್ಮಾನಿಸುವ ಕ್ರಮವೇ ಹೋರಿ ಮಾರಾಟದ ಕಾಲನಿರ್ಣಯ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ತಾಲ್ಲೂಕುಗಳ ಒಕ್ಕಲು ಮನೆತನಗಳಲ್ಲಿ ಹೋರಿಕರುವನ್ನು ಕೊಂಡು, ಕೆಲಕಾಲ ಸಾಕಿ, ಪಳಗಿಸಿ ಮಾರುವುದು ಬೆಳೆಯ ಆದಾಯಕ್ಕೆ ಒತ್ತಾಸೆಯಾಗಿ ನಡೆದುಬಂದ ಪದ್ಧತಿ. ಈ ವ್ಯವಹಾರದಲ್ಲಿ ಕೊಳ್ಳುವವನು ಬೆಲೆ ಕೊಡುವುದು ಹೋರಿಯ ಇಂದಿನ ಶಕ್ತಿಗೆ ಮಾತ್ರವಲ್ಲ, ಅದು ಮುಂದೆ ಏನಾಗಬಹುದು ಎಂಬ ಊಹೆಗೂ ಹೌದು. ಹೋರಿ ಬೆಳೆದಂತೆ ಆ ಊಹೆ ನಿಜವಾಗುತ್ತದೆ ಇಲ್ಲವೆ ಸುಳ್ಳಾಗುತ್ತದೆ. ಆದುದರಿಂದ ಹೆಚ್ಚು ದಿನ ಇಟ್ಟುಕೊಂಡರೆ ಹೆಚ್ಚು ಬೆಲೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಿನ್ನೆಲೆ

ಬೀಜ ಒಡೆಸದ ಗಂಡು ರಾಸುವಿಗೆ ಹೋರಿ ಎಂದೂ ಒಡೆಸಿದ್ದಕ್ಕೆ ಎತ್ತು ಎಂದೂ ಹೆಸರು. ಆಡುಮಾತಿನಲ್ಲಿ ಎಳೆಯ ಎತ್ತನ್ನೂ ಹೋರಿ ಎಂದೇ ಕರೆಯುವುದುಂಟು. ಧಾರವಾಡದ ಬಯಲುಸೀಮೆಯಲ್ಲಿ ಕಿಲಾರಿ ತಳಿಗೆ ಬೇಡಿಕೆ ಹೆಚ್ಚು. ದಕ್ಷಿಣ ಮಹಾರಾಷ್ಟ್ರ ಹಾಗೂ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಈ ತಳಿಯ ನೆಲೆ. ಬಿಳಿ ಅಥವಾ ಬೂದು ಮೈಬಣ್ಣ, ಹಿಂದಕ್ಕೆ ಬಾಗಿ ಮೇಲೇಳುವ ಉದ್ದನೆಯ ಕೋಡು ಮತ್ತು ಚುರುಕು ನಡಿಗೆ ಇದರ ಲಕ್ಷಣಗಳು. ಎರೆಭೂಮಿಯ ಅಂಟುಮಣ್ಣನ್ನು ಉಳಲೆಂದೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ ಮೊದಲಾದ ಸಂಸ್ಥಾನಗಳ ಪ್ರೋತ್ಸಾಹದಿಂದ ರೂಪುಗೊಂಡ ಕೃಷ್ಣಾ ವ್ಯಾಲಿ ತಳಿಯು ಗಾತ್ರದಲ್ಲಿ ಇದಕ್ಕಿಂತ ದೊಡ್ಡದು. ಅದು ಇಂದು ಬಹಳ ಅಪರೂಪವಾಗಿದೆ. ಮೈಸೂರು ಅರಸರ ಕಾಲದಿಂದ ಹೆಸರಾದ ಅಮೃತಮಹಲ್ ತಳಿಯ ಹೋರಿಕರುಗಳನ್ನು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರವು ಬಹಿರಂಗ ಹರಾಜಿನಲ್ಲಿ ಮಾರುತ್ತದೆ. ಕಾವಲುಗಳಲ್ಲಿ ಬಿಡುಬೀಸಾಗಿ ಬೆಳೆದ ಆ ಕರುಗಳು ನೊಗವನ್ನೇ ಕಂಡಿರುವುದಿಲ್ಲ. ಅಲ್ಲಿ ಕೂಗುವ ಬೆಲೆಯೆಲ್ಲ ಭವಿಷ್ಯದ ಮೇಲಿನದು.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾಯಿತಾದರೂ ಮುಗಿದಿಲ್ಲ. ಹೆಸರು, ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಸಾಲುಗಳ ನಡುವೆ ಎಡೆಕುಂಟೆ ಹೊಡೆಯಲು ಈಗಲೂ ಎತ್ತು ಬೇಕು. ಎರೆಭೂಮಿ ತುಸು ಹಸಿಯಾಗಿದ್ದಾಗ ಭಾರದ ಯಂತ್ರ ಇಳಿದರೆ ಮಣ್ಣು ಗಟ್ಟಿಯಾಗುತ್ತದೆ, ಗಾಲಿ ಹೂಳುತ್ತದೆ. ಹೀಗಾಗಿ ಮಾರುಕಟ್ಟೆ ಕುಗ್ಗಿದೆ, ಆದರೆ ಚೆನ್ನಾಗಿ ಪಳಗಿದ ಜೋಡಿಗೆ ಗಿರಾಕಿ ತಪ್ಪಿಲ್ಲ.

ಹಲ್ಲಿನ ಲೆಕ್ಕ

ಹೋರಿಯ ವಯಸ್ಸನ್ನು ವರ್ಷದಲ್ಲಿ ಹೇಳುವವರು ಕಡಿಮೆ, ಹಲ್ಲಿನಲ್ಲಿ ಹೇಳುವವರೇ ಹೆಚ್ಚು. ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಕೆಳದವಡೆಯಲ್ಲಿ ಎಂಟು ಬಾಚಿಹಲ್ಲುಗಳಿರುತ್ತವೆ. ಮೊದಲು ಬರುವ ಎಂಟೂ ಹಾಲುಹಲ್ಲುಗಳು. ಅವು ನಡುವಿನಿಂದ ಎರಡೆರಡಾಗಿ ಬಿದ್ದು, ಆ ಜಾಗದಲ್ಲಿ ಅಗಲವಾದ ಶಾಶ್ವತ ಹಲ್ಲುಗಳು ಬರುತ್ತವೆ. ನಾಡತಳಿಗಳಲ್ಲಿ ಮೊದಲ ಜೋಡಿ ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ, ಎರಡನೆಯದು ಮೂರು ವರ್ಷದ ಆಸುಪಾಸಿನಲ್ಲಿ, ಮೂರನೆಯದು ಮೂರೂವರೆಯಿಂದ ನಾಲ್ಕಕ್ಕೆ, ಕೊನೆಯದು ನಾಲ್ಕೂವರೆಯಿಂದ ಐದು ವರ್ಷಕ್ಕೆ ಮೂಡುತ್ತದೆ. ಕ್ರಮವಾಗಿ ಎರಡು ಹಲ್ಲಿನ, ನಾಲ್ಕು ಹಲ್ಲಿನ, ಆರು ಹಲ್ಲಿನ ಹೋರಿ ಎನ್ನುತ್ತಾರೆ. ಎಂಟೂ ಬಂದ ಮೇಲೆ ಅದು ಬಾಯಿಗೂಡಿದ ಎತ್ತು. ಅಲ್ಲಿಂದಾಚೆಗೆ ಹಲ್ಲು ಹೊಸ ಸುದ್ದಿಯನ್ನು ಹೇಳುವುದಿಲ್ಲ. ಸವೆತವನ್ನು ನೋಡಿ ಅಂದಾಜು ಮಾಡಬೇಕಷ್ಟೆ. ಬಾಯಿಗೂಡಿದ ಎತ್ತಿಗೆ ಆರು ವರ್ಷವೋ ಒಂಬತ್ತು ವರ್ಷವೋ ಎಂಬುದರಲ್ಲಿ ಮಾರುವವನೂ ಕೊಳ್ಳುವವನೂ ಒಪ್ಪುವುದು ಅಪರೂಪ.

ಮಾರಾಟದ ದೃಷ್ಟಿಯಿಂದ ಪ್ರತಿ ಹಂತಕ್ಕೂ ಬೇರೆ ಬೇರೆ ಗಿರಾಕಿ ಇರುತ್ತಾನೆ. ಹಾಲುಹಲ್ಲಿನ ಕರುವನ್ನು ಕೊಳ್ಳುವವನು ಬೆಳೆಸಿ ಮಾರುವವನು. ಅವನಿಗೆ ಬೆಲೆ ಕಡಿಮೆಯಿರಬೇಕು, ಅಪಾಯವನ್ನು ಹೊರಲು ಅವನು ಸಿದ್ಧ. ಇಷ್ಟು ಎಳೆತನದಲ್ಲಿ ಕೋಡಿನ ಬುಡ, ಕಾಲಿನ ಮೂಳೆ, ಎದೆಯ ಅಗಲ, ಗೊರಸಿನ ಬಣ್ಣ ಹಾಗೂ ತಾಯಿತಂದೆಗಳ ವಂಶ ಇವಿಷ್ಟನ್ನೇ ನೋಡಿ ನಿರ್ಧರಿಸಬೇಕಾಗುತ್ತದೆ. ಕೋಡು ಮುಂದೆ ಎತ್ತ ತಿರುಗುವುದೋ ಹೇಳಲಾಗದು. ಎರಡು ಹಲ್ಲಿನ ಹೊತ್ತಿಗೆ ಹೋರಿಯ ಕಟ್ಟು ತಕ್ಕಮಟ್ಟಿಗೆ ತಿಳಿಯುತ್ತದೆ, ಹಗುರ ಕುಂಟೆಗೆ ಹೂಡಿ ನೋಡಲೂ ಬರುತ್ತದೆ. ಇನ್ನೂ ಬೆಳೆಯಲಿದೆ ಎಂಬ ಆಸೆಯೂ ಉಳಿದಿರುತ್ತದೆ. ನಾಲ್ಕು ಹಲ್ಲಿಗೆ ಕೆಲಸ ಕಲಿತಿರುತ್ತದೆ, ಒಕ್ಕಲುತನಕ್ಕೆಂದೇ ಕೊಳ್ಳುವ ರೈತ ಬರುವುದು ಹೆಚ್ಚಾಗಿ ಈ ಹಂತದಲ್ಲಿ. ಅವನು ಕೊಂಡ ಎತ್ತು ಹತ್ತು ಹನ್ನೆರಡು ವರ್ಷದವರೆಗೆ ದುಡಿಯಬಲ್ಲದಾದ್ದರಿಂದ ಮುಂದಿನ ಏಳೆಂಟು ವರ್ಷಗಳ ದುಡಿಮೆಯನ್ನು ಲೆಕ್ಕ ಹಾಕಿಯೇ ಬೆಲೆ ಕಟ್ಟುತ್ತಾನೆ.

ಸಾಕಿ ಮಾರುವವನಿಗೆ ಎರಡು ಹಲ್ಲು ಮತ್ತು ನಾಲ್ಕು ಹಲ್ಲುಗಳ ನಡುವಿನ ಅವಧಿಯೇ ನಿರ್ಣಾಯಕ. ಅದಕ್ಕೂ ಮೊದಲು ಮಾರಿದರೆ ಬೆಳವಣಿಗೆಯ ಲಾಭ ಬೇರೆಯವನ ಪಾಲಾಗುತ್ತದೆ. ಬಾಯಿಗೂಡಿದ ಮೇಲೆ ಉಳಿದ ಆಯುಷ್ಯ ವರ್ಷವರ್ಷಕ್ಕೂ ಕಡಿಮೆಯಾಗುತ್ತದೆ, ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ. ಹೋರಿಯ ದೋಷಗಳು ಬಯಲಾಗುವುದೂ ಇದೇ ನಡುವಿನ ಕಾಲದಲ್ಲಿ. ನೊಗ ಕಂಡರೆ ಮಲಗುವುದು, ಹಾಯುವುದು, ಒದೆಯುವುದು, ಸಾಲು ಬಿಟ್ಟು ಎಳೆಯುವುದು ಇವು ಹೂಡುವವರೆಗೆ ತಿಳಿಯುವುದಿಲ್ಲ. ಆದ್ದರಿಂದಲೇ ಕೆಲವರು ನೊಗಕ್ಕೆ ಹಚ್ಚುವ ಮೊದಲೇ ಮಾರಿಬಿಡುತ್ತಾರೆ. ಕೊಳ್ಳುವವನು ಅನುಭವಿಯಾಗಿದ್ದರೆ, ಹೂಡಲು ಬರುವ ವಯಸ್ಸಾದರೂ ಹೂಡದೆ ಇಟ್ಟ ಹೋರಿಯನ್ನು ಸಂಶಯದಿಂದಲೇ ನೋಡುತ್ತಾನೆ.

ಜೋಡಿಯ ಪ್ರಶ್ನೆ

ಒಂದು ಹೋರಿಯ ಬೆಲೆಯನ್ನು ಎರಡರಿಂದ ಗುಣಿಸಿದರೆ ಜೋಡಿಯ ಬೆಲೆ ಬರುವುದಿಲ್ಲ. ಎತ್ತರ, ಮೈಬಣ್ಣ, ಕೋಡು, ಹಲ್ಲು, ನಡಿಗೆ ಇಷ್ಟೂ ಹೊಂದಿದ ಜೋಡಿಯು ಬಿಡಿ ಹೋರಿಗಳೆರಡರ ಬೆಲೆಗಿಂತ ಸಾಕಷ್ಟು ಹೆಚ್ಚು ತರುತ್ತದೆ. ಒಂದು ಚುರುಕು, ಇನ್ನೊಂದು ಮಂದವಾದರೆ ನೊಗ ಓರೆಯಾಗುತ್ತದೆ, ಕೂರಿಗೆಯ ಸಾಲು ಡೊಂಕಾಗುತ್ತದೆ, ಮುಂದೆ ನಡೆಯುವುದರ ಹೆಗಲು ಹುಣ್ಣಾಗುತ್ತದೆ. ಎಡಕ್ಕೆ ಹೂಡಿ ರೂಢಿಯಾದ ಎತ್ತು ಬಲಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಇದರಿಂದ ಮಾರಾಟದ ಕಾಲ ತೊಡಕಾಗುತ್ತದೆ. ಎರಡರಲ್ಲಿ ಒಂದು ಬೇಗ ಬೆಳೆದು ನೋಡಲು ಎದ್ದು ಕಂಡರೆ ಅದೊಂದಕ್ಕೇ ಒಳ್ಳೆಯ ಬೆಲೆ ಕೊಡುವವರು ಬರುತ್ತಾರೆ. ಕೊಟ್ಟರೆ ಉಳಿದದ್ದು ಒಂಟಿಯಾಗುತ್ತದೆ, ಅದಕ್ಕೆ ಹೊಂದುವ ಸಂಗಾತಿಯನ್ನು ಹುಡುಕುವುದರಲ್ಲಿ ಒಂದು ಹಂಗಾಮೇ ಕಳೆಯಬಹುದು. ಮಾರುವವನ ಮನೆಯ ಹೋರಿಗೆ ಹೊಂದುವ ಜೋಡಿ ತನ್ನಲ್ಲಿದೆ ಎಂದು ಬರುವ ಗಿರಾಕಿ ಮಾತ್ರ ಬೇರೆ ಬಗೆಯವನು. ಅವನ ಪಾಲಿಗೆ ಆ ಒಂದು ಹೋರಿಯ ಬೆಲೆ ಸಂತೆಯ ಬೆಲೆಗಿಂತ ಮೇಲಿರುತ್ತದೆ. ಅಂಥವನು ಅಂಗಳಕ್ಕೆ ಬಂದು ಕೇಳಿದಾಗ, ಮುಂದಿನ ಜಾತ್ರೆಯವರೆಗೆ ಕಾಯುವ ಹಟ ಸಾಮಾನ್ಯವಾಗಿ ಲಾಭ ತರುವುದಿಲ್ಲ.

ಋತು ಮತ್ತು ಮೇವು

ಬೇಡಿಕೆ ಏರುವುದು ಕೆಲಸದ ಮುನ್ನ. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ, ಅಂದರೆ ಮುಂಗಾರು ಬಿತ್ತನೆಗೆ ಹೊಲ ಹದಗೊಳಿಸುವ ದಿನಗಳಲ್ಲಿ, ಪಳಗಿದ ಎತ್ತಿಗೆ ಕೊಳ್ಳುವವರು ಹೆಚ್ಚು. ನವಲಗುಂದ ಮತ್ತು ಅಣ್ಣಿಗೇರಿಯ ಎರೆಭೂಮಿಯಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋದಿ ಬಿತ್ತುವುದರಿಂದ ಸೆಪ್ಟೆಂಬರ್ ಹೊತ್ತಿಗೆ ಇನ್ನೊಮ್ಮೆ ಬೇಡಿಕೆ ಬರುತ್ತದೆ. ಸುಗ್ಗಿ ಮುಗಿದು ಕೈಯಲ್ಲಿ ಹಣವಿರುವ ಕಾಲ ಮೂರನೆಯದು. ಆಗ ಜಾತ್ರೆಗಳು ನಡೆಯುತ್ತವೆ, ಎಳೆಯ ಹೋರಿಗಳು ಹೆಚ್ಚಾಗಿ ಕೈ ಬದಲಾಗುತ್ತವೆ.

ಇನ್ನೊಂದು ಕಡೆ ಮೇವಿನ ಲೆಕ್ಕವಿದೆ. ದನವೊಂದು ದಿನಕ್ಕೆ ತನ್ನ ದೇಹತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲಿನಷ್ಟು ಒಣ ಪದಾರ್ಥವನ್ನು ತಿನ್ನುತ್ತದೆ. 300 ಕಿಲೋ ತೂಗುವ ಹೋರಿಗೆ ದಿನಕ್ಕೆ ಏಳೂವರೆ ಕಿಲೋ ಎಂದು ಹಿಡಿದರೆ 180 ದಿನಗಳಿಗೆ 1,350 ಕಿಲೋ ಬೇಕು. ಇದರ ಜೊತೆಗೆ ಹಿಂಡಿ, ಹುರುಳಿ, ತೌಡು, ಮೈ ತೊಳೆದು ಮೇಯಿಸುವವರ ದುಡಿಮೆ. ಆರು ತಿಂಗಳು ತಡೆದು ಮಾರುವುದರಿಂದ ಬರುವ ಹೆಚ್ಚಿನ ಬೆಲೆಯು ಈ ಖರ್ಚನ್ನು ದಾಟಬೇಕು. ಬಣವೆ ಮನೆಯದೇ ಆಗಿದ್ದರೆ ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಮೇವು ಪುಕ್ಕಟೆ ಎಂದೇ ಭಾವಿಸುತ್ತಾರೆ. ಆದರೆ ಅದೇ ಕಣಕಿಯನ್ನು ಮಾರಿದ್ದರೆ ಹಣ ಬರುತ್ತಿತ್ತು ಎಂಬುದನ್ನು ನೆನೆದಾಗ ಅದು ಪುಕ್ಕಟೆಯಲ್ಲ.

ತಾಲ್ಲೂಕಿನಿಂದ ತಾಲ್ಲೂಕಿಗೆ ಈ ಖರ್ಚು ಬೇರೆ. ಅರೆಮಲೆನಾಡಿನ ಕಲಘಟಗಿಯಲ್ಲಿ ಅಡವಿಯಂಚಿನ ಮೇವು ಮತ್ತು ಭತ್ತದ ಹುಲ್ಲು ಸಿಗುತ್ತವೆ. ಬಯಲಿನ ನವಲಗುಂದ, ಅಣ್ಣಿಗೇರಿಗಳಲ್ಲಿ ಜೋಳದ ಕಣಕಿಯೇ ಆಧಾರ. ಜೋಳದ ಹೊಲಗಳಲ್ಲಿ ಕಡಲೆ, ಗೋವಿನಜೋಳದಂಥ ಮಾರಾಟದ ಬೆಳೆಗಳು ಬಂದಷ್ಟೂ ಕಣಕಿ ಕಡಿಮೆಯಾಗುತ್ತದೆ. ಕಡಲೆಯ ಹೊಟ್ಟು ಕಣಕಿಯ ಪೂರ್ತಿ ಜಾಗವನ್ನು ತುಂಬಲಾರದು.

ಬರಗಾಲದಲ್ಲಿ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಅಂಥ ವರ್ಷ ಮೇವಿಲ್ಲದೆ ಎಲ್ಲರೂ ಒಟ್ಟಿಗೆ ಮಾರಲು ಹೊರಡುತ್ತಾರೆ, ಕೊಳ್ಳುವವರಿಗೂ ಮೇವಿರುವುದಿಲ್ಲ. ಬರದ ಲಕ್ಷಣ ಕಂಡಕೂಡಲೇ, ಹೋರಿಯ ಮೈಯಲ್ಲಿ ಇನ್ನೂ ಕಸುವಿರುವಾಗಲೇ ಮಾರಿದವರಿಗೂ, ಎಲುಬು ಕಾಣುವವರೆಗೆ ಕಾದವರಿಗೂ ಸಿಗುವ ಬೆಲೆಯಲ್ಲಿ ಬಹಳ ಅಂತರವಿರುತ್ತದೆ. ಬರ ಮುಗಿದ ಮರುವರ್ಷ ಎತ್ತು ಉಳಿಸಿಕೊಂಡವನೇ ಭಾಗ್ಯವಂತನೆನ್ನುವುದೂ ನಿಜ. ಆಗ ಮಳೆಗೆ ಹದವಾದ ಹೊಲವಿರುತ್ತದೆ, ಊರಲ್ಲಿ ಎತ್ತುಗಳಿರುವುದಿಲ್ಲ. ಇಂಥ ವರ್ಷ ಒಂದು ಜೋಡಿಯನ್ನು ಮಾರಿ ಇನ್ನೊಂದನ್ನು ಉಳಿಸಿಕೊಳ್ಳುವುದು ಇದ್ದವರ ಉಪಾಯ. ಒಂದೇ ಜೋಡಿ ಇದ್ದವನಿಗೆ ಆಯ್ಕೆಯೇ ಇಲ್ಲ.

ಓಟದ ಹೋರಿಗಳು

ದುಡಿಮೆಯ ಎತ್ತಿನ ಬೆಲೆಗೆ ಒಂದು ಮೇಲ್ಮಿತಿಯಿದೆ, ಏಕೆಂದರೆ ಅದರ ದುಡಿಮೆಗೆ ಮಿತಿಯಿದೆ. ಓಟದ ಹೋರಿಯ ಬೆಲೆಗೆ ಅಂಥ ಮಿತಿಯಿಲ್ಲ. ಧಾರವಾಡದ ಹಳ್ಳಿಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆಗಳು ನಡೆಯುತ್ತವೆ. ಕುಂದಗೋಳದ ನೆರೆಯ ಹಾವೇರಿ ಜಿಲ್ಲೆಯಲ್ಲೂ ಶಿವಮೊಗ್ಗ ಜಿಲ್ಲೆಯ ಹಲವೆಡೆಯೂ ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲ್ಗೊಂಡು ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಜನಸಂದಣಿಯ ನಡುವೆ ಓಡಿಸುತ್ತಾರೆ, ಯಾರ ಕೈಗೂ ಕೊಬ್ಬರಿ ಕೊಡದೆ ದಾಟಿದ ಹೋರಿಗೆ ಹೆಸರು ಬರುತ್ತದೆ. ಹೆಸರಾಂತ ಹೋರಿಗಳಿಗೆ ಅಭಿಮಾನಿಗಳ ಗುಂಪುಗಳೂ ಬ್ಯಾನರುಗಳೂ ಇರುತ್ತವೆ, ಅವು ಲಕ್ಷಗಳ ಲೆಕ್ಕದಲ್ಲಿ ಮಾರಾಟವಾಗುತ್ತವೆ.

ಇಂಥ ಹೋರಿಯನ್ನು ಯಾವಾಗ ಮಾರಬೇಕೆಂಬ ಪ್ರಶ್ನೆಗೆ ದೂರದ ಒಂದು ಹೋಲಿಕೆ ಉಪಯುಕ್ತ. ಅಮೆರಿಕದಲ್ಲಿ ಬೇಸ್‌ಬಾಲ್ ಆಟದ ಉನ್ನತ ಲೀಗನ್ನು ಇನ್ನೂ ಪ್ರವೇಶಿಸದ ಎಳೆಯ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಸಂಗ್ರಹಿಸಿ ಮಾರುವ ದೊಡ್ಡ ವ್ಯಾಪಾರವಿದೆ. ಮೈಕ್ ಟ್ರೌಟ್ ಎಂಬ ಆಟಗಾರ ಉನ್ನತ ಲೀಗಿನಲ್ಲಿ ಆಡಿದ್ದು 2011ರಲ್ಲಿ. ಅವನ ಹಸ್ತಾಕ್ಷರವಿರುವ, ಒಂದೇ ಒಂದು ಪ್ರತಿಯಾಗಿ ಮುದ್ರಿತವಾದ 2009ರ ಬೋಮನ್ ಕಾರ್ಡು 2020ರ ಆಗಸ್ಟ್‌ನಲ್ಲಿ 39 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಆದರೆ ಅದು ಅಪರೂಪದಲ್ಲಿ ಅಪರೂಪ. ಬಹುಪಾಲು ಎಳೆಯ ಆಟಗಾರರು ನಿರೀಕ್ಷೆಯ ಮಟ್ಟವನ್ನು ಮುಟ್ಟುವುದಿಲ್ಲ, ಅವರ ಕಾರ್ಡುಗಳ ಬೆಲೆ ಶಿಖರ ಮುಟ್ಟುವುದು ಅವರು ದೊಡ್ಡ ಅಂಗಳಕ್ಕಿಳಿಯುವ ಮುನ್ನದ ಸದ್ದಿನ ದಿನಗಳಲ್ಲಿಯೇ. ಮೊದಲ ಓಟಕ್ಕೆ ಮುನ್ನ ಅಭ್ಯಾಸದಲ್ಲಿ ಚುರುಕು ತೋರಿದ ಹೋರಿಯ ಸ್ಥಿತಿಯೂ ಹೀಗೆಯೇ. ಓಡಿದರೆ ಬೆಲೆ ಹಲವು ಪಟ್ಟು, ಜನಸಂದಣಿಗೆ ಬೆದರಿ ನಿಂತುಬಿಟ್ಟರೆ ಮತ್ತೆ ಎಡೆಕುಂಟೆಯ ಬೆಲೆ. ಕಾರ್ಡಿಗೂ ಹೋರಿಗೂ ಒಂದು ವ್ಯತ್ಯಾಸವಿದೆ. ಕಾಗದವನ್ನು ಪೆಟ್ಟಿಗೆಯಲ್ಲಿ ಹತ್ತು ವರ್ಷ ಇಡಬಹುದು. ಹೋರಿ ದಿನವೂ ತಿನ್ನುತ್ತದೆ, ದಿನವೂ ಮುಪ್ಪಾಗುತ್ತದೆ, ಒಂದು ಕಾಲು ಉಳುಕಿದರೆ ಅದರ ಹೆಸರೂ ಮುಗಿಯುತ್ತದೆ.

ಆದ್ದರಿಂದ ಓಟದ ಹೋರಿಯನ್ನು ಬೆಳೆಸುವವರಲ್ಲಿ ಎರಡು ಮನೋಭಾವಗಳಿವೆ. ಒಂದೆರಡು ಸ್ಪರ್ಧೆಗಳಲ್ಲಿ ಹೆಸರು ಬಂದಕೂಡಲೇ, ಅದೇ ಹಂಗಾಮಿನೊಳಗೆ ಮಾರುವವರು ಒಂದು ಬಗೆ. ಇವರಿಗೆ ಹೋರಿ ಬಂಡವಾಳ. ಹೆಸರಿಗಾಗಿಯೇ ಇಟ್ಟುಕೊಂಡು, ಎಷ್ಟು ಕೊಟ್ಟರೂ ಕೊಡೆನೆನ್ನುವವರು ಇನ್ನೊಂದು ಬಗೆ. ಇವರ ನಿರ್ಧಾರವನ್ನು ಹಣದ ಲೆಕ್ಕದಿಂದ ಅಳೆಯುವುದು ಸರಿಯಲ್ಲ. ಆದರೆ ಸಾಲ ಮಾಡಿ ಹೋರಿ ಕೊಂಡವರು ಎರಡನೆಯ ಗುಂಪಿನವರಂತೆ ನಡೆದುಕೊಂಡರೆ ಮನೆತನಕ್ಕೆ ಕಷ್ಟ ಬರುತ್ತದೆ.

ನ್ಯಾಯಾಲಯದ ತೀರ್ಪುಗಳೂ ಈ ಬೆಲೆಯನ್ನು ಏರಿಳಿಸಿವೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕ ವಿಧಾನಮಂಡಲವು 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ ಹಾಗೂ ಎತ್ತಿನ ಬಂಡಿ ಓಟಕ್ಕೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ ಮತ್ತು ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈ ತೀರ್ಪುಗಳ ನಡುವಿನ ಒಂಬತ್ತು ವರ್ಷಗಳಲ್ಲಿ ಓಟಕ್ಕೆಂದೇ ಕರು ಕೊಂಡವರು ಹೋರಿಯ ಗುಣದ ಜೊತೆಗೆ ಕಾನೂನಿನ ಗತಿಯನ್ನೂ ಊಹಿಸಬೇಕಾಗಿತ್ತು. ಈ ಆಟಗಳಲ್ಲಿ ಜನರೂ ಹೋರಿಗಳೂ ಗಾಯಗೊಳ್ಳುವುದು, ಕೆಲವರು ಪ್ರಾಣ ಕಳೆದುಕೊಂಡಿರುವುದು ವಾಸ್ತವ. ಆಕ್ಷೇಪಗಳು ಮುಗಿದಿಲ್ಲ.

ಸಂತೆ, ಜಾತ್ರೆ ಮತ್ತು ಚೌಕಾಸಿ

ಎಲ್ಲಿ ಮಾರುವುದು ಎಂಬುದು ಯಾವಾಗ ಮಾರುವುದು ಎಂಬುದರಿಂದ ಬೇರೆಯಲ್ಲ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಹಾಗೂ ಹಾವೇರಿಯ ದನದ ಸಂತೆಗಳು ಹತ್ತಿರದವು. ದೊಡ್ಡ ಜಾತ್ರೆಗಳಲ್ಲಿ ಸಂಕ್ರಾಂತಿಯ ಹೊತ್ತಿನ ವಿಜಯಪುರದ ಸಿದ್ಧೇಶ್ವರ ಜಾತ್ರೆ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಕಿಲಾರಿಗೆ ಹೆಸರಾಗಿವೆ. ಸಂತೆಯಲ್ಲಿ ಆ ದಿನವೇ ಮಾರಿ ಹೋಗುವ ಆತುರವಿರುತ್ತದೆ. ಸಂಜೆಯಾದಂತೆ, ಹೋರಿಯನ್ನು ಮರಳಿ ಸಾಗಿಸುವ ಬಾಡಿಗೆ ನೆನಪಾಗಿ ಮಾರುವವನ ಮಾತು ಮೆತ್ತಗಾಗುತ್ತದೆ. ಜಾತ್ರೆಯಲ್ಲಿ ಹಲವು ದಿನ ಕಟ್ಟಿ ನಿಲ್ಲಬಹುದು, ದೂರದ ಗಿರಾಕಿಗಳೂ ಬರುತ್ತಾರೆ. ಬಹುಮಾನ ಸಿಕ್ಕರೆ ಬೆಲೆ ಏರುತ್ತದೆ.

ದಲಾಲಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿ ಇನ್ನೂ ಕೆಲವೆಡೆ ಉಳಿದಿದೆ. ಪಕ್ಕದವನಿಗೆ ತಿಳಿಯದಂತೆ ನಡೆಯುವ ಈ ಚೌಕಾಸಿಯಲ್ಲಿ ಹಿಂದಿನ ಹೋರಿ ಎಷ್ಟಕ್ಕೆ ಹೋಯಿತೆಂಬುದು ಗುಟ್ಟಾಗಿಯೇ ಉಳಿಯುತ್ತದೆ. ಅದರ ಲಾಭ ದಲಾಲಿಗೆ ಹೆಚ್ಚು. ಮೊದಲು ಹೋರಿಯಿಲ್ಲದೆ ಬರಿಗೈಯಲ್ಲಿ ಒಂದೆರಡು ಸಂತೆ ಸುತ್ತಿ, ತನ್ನದರಂಥ ಹೋರಿ ಎಷ್ಟಕ್ಕೆ ಕೈ ಬದಲಾಗುತ್ತಿದೆ ಎಂದು ತಿಳಿದುಕೊಂಡವನು ಈ ವಿಷಯದಲ್ಲಿ ಮೋಸಹೋಗುವುದು ಕಡಿಮೆ. ಈಗ ಮೊಬೈಲಿನಲ್ಲಿ ಹೋರಿಯ ವಿಡಿಯೋ ಕಳುಹಿಸಿ ವ್ಯಾಪಾರ ಕುದುರಿಸುವುದೂ ಬಂದಿದೆ. ಹಲ್ಲು ಮತ್ತು ಸುಳಿಗಳನ್ನು ಮಾತ್ರ ಎದುರಿಗೆ ಬಂದೇ ನೋಡಬೇಕೆನ್ನುತ್ತಾರೆ.

ಸುಳಿ ಎಂದರೆ ಮೈಮೇಲಿನ ಕೂದಲಿನ ಸುತ್ತು. ಅದು ಇರುವ ಜಾಗಕ್ಕೆ ತಕ್ಕಂತೆ ಒಳಿತು ಕೆಡುಕು ಹೇಳುವ ನಂಬಿಕೆ ಬಲವಾಗಿದೆ. ಸುಳಿಗೂ ಹೋರಿಯ ದುಡಿಮೆಗೂ ಯಾವ ಸಂಬಂಧವೂ ಇಲ್ಲ. ಆದರೆ ಬೆಲೆಗೂ ಸುಳಿಗೂ ಸಂಬಂಧವಿದೆ, ಏಕೆಂದರೆ ನಂಬದವನೂ ಮುಂದೆ ನಂಬುವವನಿಗೇ ಮಾರಬೇಕು. ಕೆಟ್ಟ ಸುಳಿಯ ಕರುವನ್ನು ಅಗ್ಗವಾಗಿ ಕೊಂಡು ಮಾರದೆ ದುಡಿಸಿಕೊಳ್ಳುವವನಿಗೆ ಈ ನಂಬಿಕೆಯಿಂದ ಲಾಭವೇ ಆಗುತ್ತದೆ.

ಇಳಿವಯಸ್ಸು ಮತ್ತು ಕಾನೂನು

ಹಿಂದೆ ಹೋರಿ ಮಾರಾಟದ ತೀರ್ಮಾನದಲ್ಲಿ ಕೊನೆಯ ಬೆಲೆಯೊಂದು ಅಡಗಿರುತ್ತಿತ್ತು. 1964ರ ರಾಜ್ಯ ಕಾಯ್ದೆಯು ಹನ್ನೆರಡು ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದಂತಾದ ಎತ್ತು ಮತ್ತು ಎಮ್ಮೆ ಕೋಣಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ನೀಡಿತ್ತು. ಅದರ ಬದಲಿಗೆ 2021ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020 ಎತ್ತು ಹೋರಿಗಳ ವಧೆಯನ್ನು ಸಂಪೂರ್ಣ ನಿಷೇಧಿಸಿದೆ. ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿಯಿದೆ. ಉಲ್ಲಂಘನೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸ ವಿಧಿಸಬಹುದು. ಗೋಪೂಜೆ ಮಾಡುವ ರೈತರಲ್ಲೇ ಈ ಕಾಯ್ದೆಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಇಲ್ಲಿ ಗಮನಿಸಬೇಕಾದದ್ದು ಅದರ ಆರ್ಥಿಕ ಪರಿಣಾಮವನ್ನು ಮಾತ್ರ. ದುಡಿಮೆ ಮುಗಿದ ಎತ್ತಿಗೆ ಕೊಳ್ಳುವವರಿಲ್ಲದಿದ್ದರೆ ಅದನ್ನು ಸಾಯುವವರೆಗೆ ಸಾಕುವ ಖರ್ಚು ಕೊನೆಯ ಒಡೆಯನದು, ಇಲ್ಲವೆ ಗೋಶಾಲೆಯದು. ಇದನ್ನರಿತ ರೈತ ಎಂಟು ಹತ್ತು ವರ್ಷದ ಎತ್ತನ್ನು ಕೊಳ್ಳಲು ಹಿಂಜರಿಯುತ್ತಾನೆ, ಇಲ್ಲವೆ ತೀರಾ ಕಡಿಮೆ ಕೇಳುತ್ತಾನೆ. ಹೀಗಾಗಿ ಮಾರುವ ಯೋಚನೆಯಿದ್ದವನು ಎತ್ತಿನ ನಡುವಯಸ್ಸಿಗೂ ಮೊದಲೇ ಮಾರಬೇಕಾಗುತ್ತದೆ. ಕೊನೆಯವರೆಗೆ ಇಟ್ಟುಕೊಳ್ಳುವವನು ಮುಪ್ಪಿನ ಮೇವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ರೋಗ ಮತ್ತು ದಾಖಲೆ

ಎಷ್ಟೇ ಲೆಕ್ಕ ಹಾಕಿದ್ದರೂ ರೋಗ ಬಂದಾಗ ಮಾರುಕಟ್ಟೆಯೇ ಮುಚ್ಚಬಹುದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನದ ಸಂತೆ ಜಾತ್ರೆಗಳನ್ನೂ ಜಾನುವಾರು ಸಾಗಾಟವನ್ನೂ ನಿಷೇಧಿಸಲಾಯಿತು. ಹಾವೇರಿ ಜಿಲ್ಲೆ ಹೆಚ್ಚು ಬಾಧೆಗೊಳಗಾದವುಗಳಲ್ಲಿ ಒಂದು. ಸತ್ತ ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಪ್ರಕಟಿಸಿತು. ಎರಡು ಹಲ್ಲು ಬರುವ ಮುನ್ನವೇ ಸತ್ತ ಓಟದ ಹೋರಿಯ ಒಡೆಯನಿಗೆ ಈ ಮೊತ್ತ ಅವನ ನಿರೀಕ್ಷೆಯ ಹತ್ತಿರಕ್ಕೂ ಬಾರದು. ಬದುಕಿ ಉಳಿದವುಗಳ ಮೈಮೇಲೆ ಕಲೆ ನಿಂತರೆ ಅದನ್ನು ತೋರಿಸಿಯೇ ಬೆಲೆ ಇಳಿಸುತ್ತಾರೆ.

ಕಾಲುಬಾಯಿ ರೋಗಕ್ಕೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಉಚಿತ ಲಸಿಕೆ ಹಾಕಲಾಗುತ್ತದೆ. ಲಸಿಕೆ ಹಾಕಿದ ಜಾನುವಾರಿನ ಕಿವಿಗೆ ಹನ್ನೆರಡು ಅಂಕಿಯ ಓಲೆ ತೊಡಿಸಿ ಒಡೆಯನ ಹೆಸರಿನೊಂದಿಗೆ ದಾಖಲಿಸುತ್ತಾರೆ. ಓಲೆ ಚುಚ್ಚಿದರೆ ಹೋರಿಯ ಅಂದ ಕೆಡುತ್ತದೆಂದು ಹಿಂದೇಟು ಹಾಕುವವರಿದ್ದಾರೆ. ಆದರೆ ವಿಮೆಗೆ ಓಲೆಯ ಸಂಖ್ಯೆ ಬೇಕಾಗುತ್ತದೆ, ಲಸಿಕೆಯ ದಾಖಲೆಯೂ ಅದರೊಂದಿಗೇ ಇರುತ್ತದೆ. ಮಾರಾಟವಾದ ಮೇಲೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹೊಸ ಒಡೆಯನ ಹೆಸರಿಗೆ ದಾಖಲೆ ಬದಲಿಸಿಕೊಳ್ಳಬೇಕು. ದೂರದ ಜಾತ್ರೆಗೆ ಸಾಗಿಸುವವರು ಲಸಿಕೆಯನ್ನು ಹೊರಡುವ ಹಿಂದಿನ ದಿನ ಹಾಕಿಸದೆ ಎರಡು ಮೂರು ವಾರ ಮೊದಲೇ ಹಾಕಿಸುವುದು ಒಳ್ಳೆಯದು, ಏಕೆಂದರೆ ರೋಗನಿರೋಧಕ ಶಕ್ತಿ ಬೆಳೆಯಲು ಅಷ್ಟು ಕಾಲ ಬೇಕು.